ಇಂಜಿನ್ ಬಂದ್ ಬಿತ್ತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವಿಮಾನದ ಇಂಜಿನ್ ನಿಂತುಹೋದದ್ದಕ್ಕೆ ನಾನು ಕಾರಣನಲ್ಲ. ಆದರೆ ವಿಮಾನವನ್ನು ಗದ್ದೆಗೆ ಬೀಳಿಸಿದವನು ಮಾತ್ರ ನಾನೇ. ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಂದು ಕೈಯಲ್ಲಿ ಸ್ಟೀಲಿನ ಲೋಟ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಹನ್ನೊಂದು ಸೆಕೆಂಡಿನಲ್ಲಿ ಆ ಕೆಲಸ ಮುಗಿಸಿದೆ.

ನನಗೆ ಬೇರೆಯವರ ದನಿ ಬಾಯಿಗೆ ಬರುವ ಕಾಯಿಲೆ ಉಂಟು. ಐರೋಳಿಯ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುವುದು ನನ್ನ ನೌಕರಿ. ಫೋನ್ ಇಟ್ಟ ಕೂಡಲೇ ಅದೇ ಗ್ರಾಹಕನಾಗಿ ಪಕ್ಕದ ಸೀಟಿನವನನ್ನು ಬಯ್ಯುವುದು ನನ್ನ ಹವ್ಯಾಸ. ಲೋಕಲ್ ಟ್ರೈನಿನ ಅನೌನ್ಸ್‌ಮೆಂಟ್, ಸೊಸೈಟಿಯ ಸೆಕ್ರೆಟರಿಯ ಕೆಮ್ಮು, ಅಮ್ಮ ಫೋನಿನಲ್ಲಿ ಊರಿನವರೊಡನೆ ಮಾತನಾಡುವಾಗ ಮಾತ್ರ ಏರುವ ದನಿ, ಎಲ್ಲವೂ ನನ್ನ ಹತ್ತಿರ ಸಿಗುತ್ತದೆ. ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೇ ಸಂಶಯ. ನಾನು ಫೋನ್ ಮಾಡಿದರೆ ಮೊದಲು "ನೀನೇ ಅಲ್ದಾ?" ಎಂದು ಕೇಳಿಯೇ ಮುಂದಿನ ಮಾತು.

ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಬೇಡಿಕೆಯಿರುವ ಐಟಂ ದೊಡ್ಡಪ್ಪನದು. ದೊಡ್ಡಪ್ಪ ಎಂದರೆ ಅಮ್ಮನ ಅಕ್ಕನ ಗಂಡ. ಕುಂದಾಪುರದ ಕಡೆಯವರು, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕಾರ್ಖಾನೆಗಳ ನಡುವೆ ಒಂದು ಇಡ್ಲಿ-ದೋಸೆಯ ಹೋಟೆಲ್ ನಡೆಸುತ್ತಾರೆ, ಮನೆ ಘೋಡಬಂದರ್ ರಸ್ತೆಯ ಒಂದು ಟವರಿನಲ್ಲಿ. ಎರಡು ವರ್ಷದ ಹಿಂದೆ ಆ ರಸ್ತೆಯ ಫ್ಲೈಓವರ್ ಏರುವಾಗ ಅವರ ಕಾರಿನ ಇಂಜಿನ್ ನಿಂತುಹೋಯಿತು. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಒಂದು ಬಸ್ಸು. ದೊಡ್ಡಪ್ಪ ಬ್ರೇಕಿನಿಂದ ಕಾಲು ತೆಗೆದು, ಸ್ಟೇರಿಂಗಿನಿಂದ ಎರಡೂ ಕೈ ತೆಗೆದು, ಪಕ್ಕದಲ್ಲಿದ್ದ ದೊಡ್ಡಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂಗಿದರು: "ಹ್ವಾಯ್! ಹ್ವಾಯ್! ಇದ್ ಹಿಂದೆ ಹೋತಿತ್ತ್! ಯಾರಾರೂ ಎಂತಾರೂ ಮಾಡಿ!" ಹಿಂದಿನ ಸೀಟಿನಿಂದ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದವಳು ಅವರ ಮಗಳು. ಅವಳ ಪಕ್ಕದಲ್ಲಿ ಕುಳಿತಿದ್ದ ನಾನು ಏನು ಮಾಡಿದೆ ಎಂದರೆ, ದೊಡ್ಡಪ್ಪನ ದನಿ ಯಾವ 'ಹ್ವಾಯ್'ನಲ್ಲಿ ಒಡೆಯಿತು ಎಂಬುದನ್ನು ಗಮನಿಸಿಟ್ಟುಕೊಂಡೆ. ಅಂದಿನಿಂದ ಎಷ್ಟೋ ಮದುವೆಗಳಲ್ಲಿ ಊಟದ ನಂತರ ಆ ಐಟಂ ನಡೆದಿದೆ. ದೊಡ್ಡಪ್ಪ ಇರುವ ಕಡೆ ಅದಕ್ಕೆ ನಿಷೇಧ.

ಆ ಮಗಳು ನನಗಿಂತ ಮೂರು ತಿಂಗಳು ದೊಡ್ಡವಳು. ಮೂರೇ ತಿಂಗಳ ತಪ್ಪಿಗೆ ಜೀವಮಾನವಿಡೀ ಅವಳನ್ನು ಅಕ್ಕ ಎಂದು ಕರೆಯಬೇಕಾಗಿದೆ. ಅವಳು ಘಟ್ಟದ ಆಚೆಗಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪೈಲಟ್ ಆಗಲು ಕಲಿಯುತ್ತಿದ್ದಾಳೆ. ಎರಡೇ ಸೀಟಿನ ಸಣ್ಣ ವಿಮಾನ. ಅದರ ಫೋಟೋ ಮೊದಲ ಬಾರಿ ನೋಡಿದಾಗ "ಇದಕ್ಕೆ ಶೇರ್ ಆಟೋದವರು ಇನ್ನೂ ಇಬ್ಬರನ್ನು ತುಂಬುತ್ತಿದ್ದರು" ಎಂದಿದ್ದೆ. ಅವಳು ಒಂದು ವಾರ ಮಾತು ಬಿಟ್ಟಿದ್ದಳು.

ಕಳೆದ ನವೆಂಬರಿನ ಒಂದು ಗುರುವಾರ ನನಗೆ ರಜೆ. ಮಧ್ಯಾಹ್ನ ಅವಳ ಫೋನ್ ಬಂತು. ಹಿಂದೆ ಗಾಳಿ, ಯಾರೋ ಮರಾಠಿಯಲ್ಲಿ ಜಗಳದಂತೆ ಮಾತನಾಡುವ ಸದ್ದು.

"ಕೇಳು, ಚಿಲ್ಲಾಯಿಸ್ಬೇಡ. ನಾನು ಒಬ್ಬಳೇ ಹಾರಿಸ್ತಾ ಇದ್ದೆ. ಇಂಜಿನ್ ಬಂದ್ ಬಿತ್ತು, ಗದ್ದೆಯಲ್ಲಿ ಇಳಿಸಿದೆ. ನನಗೂ ಏನೂ ಆಗಿಲ್ಲ, ಗಾಡಿಗೂ ಏನೂ ಆಗಿಲ್ಲ. ಕ್ಲಬ್ಬಿನವರು ಬರ್ತಾ ಇದಾರೆ. ಅಪ್ಪನಿಗೆ ಸಂಜೆ ನಾನೇ ಹೇಳ್ತೀನಿ. ನೀನು ಬಾಯಿ ಮುಚ್ಚಿಕೊಂಡಿರು, ಸಮಝಾ?"

"ಹಾಗಾದ್ರೆ ನನಗ್ಯಾಕೆ ಹೇಳಿದ್ದು?"

"ಎಲ್ಲ ಒಳಗೇ ಇಟ್ಕೊಳ್ಳೋಕ್ಕಾಗಲ್ಲ ಯಾರ್. ಯಾರಿಗಾದರೂ ಹೇಳ್ಬೇಕಲ್ಲ."

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಇಲ್ಲೇ ಹುಟ್ಟಿದವರು. ನಮ್ಮ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಸದಾ ಇರುತ್ತದೆ. ಮರಾಠಿಯಲ್ಲಿ ಗಾಡಿ ಕೆಟ್ಟು ನಿಂತರೆ 'ಬಂದ್ ಪಡ್ಲಿ' ಎನ್ನುತ್ತಾರೆ. ಅದನ್ನೇ ನಾವು 'ಬಂದ್ ಬಿತ್ತು' ಎಂದು ಕನ್ನಡಕ್ಕೆ ಇಳಿಸಿಕೊಂಡಿದ್ದೇವೆ. ಲಿಫ್ಟ್ ಬಂದ್ ಬಿತ್ತು, ಮಿಕ್ಸರ್ ಬಂದ್ ಬಿತ್ತು, ಸರ್ವರ್ ಬಂದ್ ಬಿತ್ತು. ಯಾವುದೂ ಎಲ್ಲಿಗೂ ಬೀಳುವುದಿಲ್ಲ, ಇದ್ದಲ್ಲೇ ಇರುತ್ತದೆ. ಆದರೆ ನಮ್ಮ ಹಿರಿಯರ ಕುಂದಾಪುರದ ಬಾಯಿಯಲ್ಲಿ 'ಬಂದ್' ಎಂದರೆ 'ಬಂದು'. ಅವರ ಕಿವಿಗೆ 'ಇಂಜಿನ್ ಬಂದ್ ಬಿತ್ತು' ಎಂದರೆ ಇಂಜಿನ್ ಎಲ್ಲಿಂದಲೋ ಬಂದು, ಬಿದ್ದಿತು.

ಬಾಯಿ ಮುಚ್ಚಿಕೊಂಡಿರಲು ಅವಳು ಹೇಳಿದ್ದು ನನಗೆ. ಅಂದರೆ ಮೀನಿಗೆ ಕೊಡೆ ಹಿಡಿಯಲು ಹೇಳಿದ ಹಾಗೆ. ನಮ್ಮ ಕಸಿನ್‌ಗಳದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಅಲ್ಲಿ ಹಿರಿಯರಿಗೆ ಪ್ರವೇಶವಿಲ್ಲ. 'ಹೇಳುವುದಲ್ಲ, ಬರೀ ಒಂದು ಐಟಂ ಮಾಡುವುದು' ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸ್ಟೀಲಿನ ಲೋಟವನ್ನು ಬಾಯಿಗೆ ಹಿಡಿದರೆ ರೇಡಿಯೋದ ಹಾಗೆ ದನಿ ಬರುತ್ತದೆ. ಮೊದಲು ಇಂಜಿನ್ ಕೆಮ್ಮಿತು: ಟುರ್ರ್, ಟುರ್, ಟುಪ್. ಆಮೇಲೆ ಅಕ್ಕನ ದನಿಯಲ್ಲಿ ಒಂದು ಚೀತ್ಕಾರ: "ಅಪ್ಪಾ!" ಅದರ ಬೆನ್ನಿಗೇ "ಇಂಜಿನ್ ಬಂದ್ ಬಿತ್ತು, ಗದ್ದೆಯಲ್ಲಿ" ಎಂದೆ. 'ಇಳಿಸಿದೆ' ಎನ್ನಬೇಕಾದಲ್ಲಿ ಲೋಟವನ್ನು ಕಡಪ ಕಲ್ಲಿನ ಕಟ್ಟೆಗೆ ಬಡಿದೆ. ಧಡ್! ಹನ್ನೊಂದು ಸೆಕೆಂಡ್. ನಗುವ ಮುಖದ ಮೂರು ಎಮೋಜಿ ಹಾಕಿ ಕಳಿಸಿದೆ.

ಆ ಧ್ವನಿಸಂದೇಶ ಪ್ರಯಾಣ ಹೊರಟಿತು. ಕಲ್ಯಾಣದ ಒಬ್ಬ ಕಸಿನ್‌ನ ಫೋನಿನಿಂದ ಅವನ ಹೆಂಡತಿಗೆ, ಅವಳಿಂದ ಅವಳ ಅಮ್ಮನಿಗೆ, ಅಲ್ಲಿಂದ ಕುಂದಾಪುರಕ್ಕೆ, ಕುಂದಾಪುರದಿಂದ ತಿರುಗಿ ಠಾಣೆಗೆ. ದಾರಿಯಲ್ಲಿ ಎಮೋಜಿಗಳು ಉದುರಿಹೋದವು. ಬದಲಿಗೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಗುರುತು ಸೇರಿಕೊಂಡಿತು. ಹಿರಿಯರ ಮಟ್ಟಿಗೆ ಆ ಗುರುತು ಸರಕಾರಿ ಸೀಲಿದ್ದ ಹಾಗೆ. ಊರಿನಲ್ಲಿ ಗದ್ದೆ ಎಂದರೆ ಮೊಣಕಾಲುದ್ದದ ಕೆಸರು. ಆದ್ದರಿಂದ ಸಂಜೆಯ ಹೊತ್ತಿಗೆ ಸುದ್ದಿ ಹೀಗೆ ತಯಾರಾಗಿತ್ತು: ಹಾರುತ್ತಿದ್ದ ವಿಮಾನದಿಂದ ಇಂಜಿನ್ ಕಳಚಿ ಬಂದು ಬಿದ್ದಿದೆ, ಹಿಂದೆಯೇ ವಿಮಾನ ಕೆಸರಿನಲ್ಲಿ ಹೂತಿದೆ, ಹುಡುಗಿ ಕೊನೆಯಲ್ಲಿ ಅಪ್ಪನನ್ನು ಕರೆದಿದ್ದಾಳೆ.

ಅಕ್ಕ ಐದೂವರೆಗೆ ಮನೆಗೆ ಫೋನ್ ಮಾಡಿದಾಗ ದೊಡ್ಡಪ್ಪ ಆಗಲೇ ಮೂರು ಸಲ ಆ ಹನ್ನೊಂದು ಸೆಕೆಂಡ್ ಕೇಳಿದ್ದರು. ಅವಳು ಜೀವಂತ ಇದ್ದಾಳೆಂದು ತಿಳಿದು ಅತ್ತರಂತೆ. ಅತ್ತು ಮುಗಿಸಿ ಹೇಳಿದ ಮಾತು ಒಂದೇ: "ಸಾಕ್ ಹೆಣ್ಣೆ. ಶನಿವಾರ ಮನಿಗ್ ಬಾ. ತಿರ್ಗಿ ಹೋಪುದ್ ಬೇಡ."

ಕ್ಲಬ್ಬಿನವರು ಅವಳಿಗೆ ಸೋಮವಾರವೇ ಮತ್ತೆ ಹಾರಲು ಬರಹೇಳಿದ್ದರು, ಈ ಸಲ ಗುರುಗಳ ಜೊತೆಗೆ. ಹೆದರಿಕೆ ಬೇರು ಬಿಡುವ ಮೊದಲೇ ಮೇಲೆ ಕರೆದೊಯ್ಯುವುದು ಅಲ್ಲಿನ ಪದ್ಧತಿ. ಗುರುವಾರದಿಂದ ಸೋಮವಾರಕ್ಕೆ ನಾಲ್ಕೇ ದಿನ. ನಡುವೆ ನನ್ನ ಹನ್ನೊಂದು ಸೆಕೆಂಡ್.

ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೋಗಲು ಕಲ್ಯಾಣ್ ಸ್ಟೇಷನ್ನಿಗೆ ಹೋದೆ. ಘಟ್ಟದ ಆಚೆಯಿಂದ ಬರುವ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಬೆನ್ನಿಗೆ ಒಂದು ಬ್ಯಾಗು, ಕಾಲಿನ ಬೂಟಿನಲ್ಲಿ ಇನ್ನೂ ಒಣ ಮಣ್ಣು. ನನ್ನನ್ನು ಕಂಡ ಕೂಡಲೇ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಲೋಕಲ್ ಟ್ರೈನಿನ ಅನೌನ್ಸ್‌ಮೆಂಟಿನ ಹೆಂಗಸಿನ ದನಿಯಲ್ಲಿ, "ಪ್ರಯಾಣಿಕರಿಗೆ ಆದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದೆ. ಇನ್ನೊಂದು ಗುದ್ದು.

ಠಾಣೆಯ ಸ್ಲೋ ಲೋಕಲ್ ಹತ್ತಿದೆವು. ಶನಿವಾರದ ಮಧ್ಯಾಹ್ನವಾದ್ದರಿಂದ ಕಿಟಕಿಯ ಸೀಟೇ ಸಿಕ್ಕಿತು. ಅವಳು ಕಿಟಕಿಯ ಹೊರಗೆ ನೋಡುತ್ತ ಪ್ರತಿ ನಿಮಿಷಕ್ಕೊಮ್ಮೆ ತಲೆ ಅಲ್ಲಾಡಿಸುತ್ತಿದ್ದಳು, ತರಕಾರಿ ಬೇಡವೆನ್ನುವವರ ಹಾಗೆ.

"ಎಂತ ಮಾಡ್ತಾ ಇದೀಯ?"

"ಜಾಗ ಹುಡುಕ್ತಾ ಇದೀನಿ. ಆದತ್ ಆಗಿಹೋಗಿದೆ. ಹಾರುವಾಗ ನಮ್ಮ ಸರ್ ಸುಮ್ನೆ ಇದ್ದಕ್ಕಿದ್ದ ಹಾಗೆ ಇಂಜಿನ್ ಕಡಿಮೆ ಮಾಡಿ ಕೇಳ್ತಾರೆ, 'ಈಗ ನಿಂತಿತು ಅಂದ್ಕೋ. ಎಲ್ಲಿ ಇಳಿಸ್ತೀಯ?' ದಿನಾ. ಈಗ ಬಸ್ಸಿನಲ್ಲಿ ಕೂತರೂ ಅದೇ."

ನನಗೆ ಕುತೂಹಲ ಹತ್ತಿತು. ಡೊಂಬಿವಲಿ ಸಮೀಪಿಸಿದಾಗ ಒಂದು ಮೈದಾನ ತೋರಿಸಿದೆ.

"ಅಲ್ಲಿ?"

"ಏಕ್ ಹೀ ಮೈದಾನದಲ್ಲಿ ನಾಲ್ಕು ಕ್ರಿಕೆಟ್ ಮ್ಯಾಚ್ ನಡೀತಾ ಇದೆ. ಯಾವ ಪಿಚ್ಚಿಗೆ ಇಳಿಸ್ಲಿ?"

"ಮುಂದಿನ ರಸ್ತೆ?"

"ಆಟೋದವರು ಸೈಡ್ ಕೊಡ್ತಾರಾ?"

ದಿವಾ ದಾಟಿತು. ಒಂದು ಕಡೆ ಕಡಲಿನಿಂದ ಒಳನುಗ್ಗಿದ ಖಾಡಿಯ ನೀರು, ಅದರಂಚಿಗೆ ಉಪ್ಪುನೀರಿನ ಕಾಂಡ್ಲಾ ಪೊದೆಗಳು. "ಅಲ್ಲಿ?" ಎಂದೆ. ಅವಳು ಸ್ವಲ್ಪ ಹೊತ್ತು ನಿಜವಾಗಿಯೇ ಯೋಚಿಸಿದಳು. "ತಂತಿ ಇಲ್ಲ. ಬೇರೆ ಏನೂ ಸಿಗದಿದ್ರೆ ಇಲ್ಲಿ. ಆದರೆ ಆಮೇಲೆ ಈಜಬೇಕು." ಮುಂಬ್ರಾದ ಗುಡ್ಡ, ಕಳವಾ ಸ್ಟೇಷನ್ನಿನ ಬಳಿ ಲೋಕಲ್ ಗಾಡಿಗಳು ತಂಗುವ ಕಾರ್‌ಶೆಡ್, ಎಲ್ಲೆಲ್ಲೂ ಕರೆಂಟಿನ ಕಂಬ. ಅವಳ ಕಣ್ಣಿನಲ್ಲಿ ನೋಡಿದರೆ ನಮ್ಮ ಊರಿನಲ್ಲಿ ಒಂದು ಚಾಪೆ ಹಾಸುವಷ್ಟೂ ಜಾಗವಿಲ್ಲ.

"ಖಾಲಿ ಜಾಗ ಇದ್ದಿದ್ರೆ ನಿನಗಿಂತ ಮೊದಲೇ ಬಿಲ್ಡರ್ ಇಳೀತಿದ್ದ" ಎಂದೆ. ಆ ದಿನ ಮೊದಲ ಬಾರಿ ನಕ್ಕಳು.

ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ತಪ್ಪು ಮಾಡಿದವನು ಕ್ಷಮೆ ಕೇಳಬೇಕು, ನಿಜ. ಆದರೆ ನನ್ನ ಬಾಯಿಗೆ ಬಂದದ್ದು ಬೇರೆ ಪ್ರಶ್ನೆ. "ಇಂಜಿನ್ ನಿಂತಾಗ ಸದ್ದು ಹೇಗಿತ್ತು?"

ಅವಳು ನನ್ನನ್ನು ನೋಡಿದಳು. "ಇಷ್ಟು ಜನ ಫೋನ್ ಮಾಡಿದ್ರು. ಎಲ್ಲ ಕೇಳಿದ್ದು ಹೆದರಿಕೆ ಆಯ್ತಾ ಅಂತ. ಸದ್ದು ಯಾರೂ ಕೇಳಲಿಲ್ಲ."

ಮೊದಲು ಸ್ವಲ್ಪ ಒರಟಾಯಿತಂತೆ, ಸೀಟಿನ ಕೆಳಗೆ ಯಾರೋ ಉಜ್ಜಿದ ಹಾಗೆ. ಆಮೇಲೆ ಸದ್ದೇ ಇಲ್ಲ. ಟುರ್ ಟುರ್ ಇಲ್ಲ, ಟುಪ್ ಇಲ್ಲ. ನಾನು ಲೋಟದೊಳಗೆ ಅಷ್ಟು ಶ್ರದ್ಧೆಯಿಂದ ತುಂಬಿದ ಜಾಗದಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಬರೀ ಗಾಳಿ. ವಿಮಾನದ ಮೂಗಿನಲ್ಲಿದ್ದ ಪಂಖ ತಿರುಗುತ್ತಲೇ ಇತ್ತು, ಆದರೆ ಇಂಜಿನ್ನಿನಿಂದಲ್ಲ, ಎದುರು ಗಾಳಿಗೆ. "ಅಷ್ಟು ದಿನ ಹಾರಿಸಿದ್ದೆ, ಗಾಳಿಯ ಸದ್ದು ಕೇಳಿದ್ದು ಅವತ್ತೇ" ಎಂದಳು.

"ಆಮೇಲೆ ಬೀಳಲಿಲ್ವಾ?"

"ಯಾಕೆ ಬೀಳುತ್ತೆ? ಇಂಜಿನ್ ನಿಂತರೂ ರೆಕ್ಕೆ ಇದೆಯಲ್ಲ. ಮೂಗು ಸ್ವಲ್ಪ ಕೆಳಗೆ ಮಾಡಿದ್ರೆ ಜಾರ್ತಾ ಹೋಗುತ್ತೆ. ಒಂದಡಿ ಕೆಳಗೆ ಹೋದ್ರೆ ಎಂಟು ಒಂಬತ್ತು ಅಡಿ ಮುಂದೆ. ಮೂಗು ಎತ್ತಿದ್ರೆ ಮಾತ್ರ ಬೀಳೋದು. ಎಲ್ಲರಿಗೂ ಆಗ ಎತ್ತಬೇಕು ಅಂತಲೇ ಅನ್ಸುತ್ತೆ. ಎತ್ತಬಾರದು."

"ನಮ್ಮ ಮನೆತನದವರಿಗೆ ಅದು ಕಷ್ಟ" ಎಂದೆ.

ಅವಳಿಗೆ ಮೂರು ಸಾವಿರ ಅಡಿ ಎತ್ತರವಿತ್ತು. ಅಂದರೆ ಸುಮಾರು ನಾಲ್ಕು ನಿಮಿಷ. ಆ ನಾಲ್ಕು ನಿಮಿಷವನ್ನು ಅವಳು ಅಡುಗೆಯ ವಿಧಾನ ಹೇಳುವಂತೆ ಹೇಳಿದಳು. ಮೊದಲು ವೇಗ ಸರಿಮಾಡಿಕೊಳ್ಳುವುದು. ಆಮೇಲೆ ಜಾಗ. ಹಸಿರಾಗಿದ್ದ ಹೊಲ ಬಿಟ್ಟು, ಸಜ್ಜೆ ಕೊಯ್ದು ಖಾಲಿ ಮಾಡಿದ ಹೊಲವೊಂದನ್ನು ಆರಿಸಿದಳು. ಗಾಳಿ ಯಾವ ಕಡೆಯಿಂದ ಎಂದು ತಿಳಿಯಲು ದೂರದ ಒಂದು ಇಟ್ಟಿಗೆ ಗೂಡಿನ ಹೊಗೆ ನೋಡಿದಳು. ಜಾಗ ಹಿಡಿದ ಮೇಲೆ ಇಂಜಿನ್ ಮತ್ತೆ ಹಿಡಿಯುತ್ತದೋ ಎಂದು ಇದ್ದಬದ್ದ ಗುಂಡಿ ಹಿಡಿಕೆ ಎಲ್ಲ ಒಂದು ಸುತ್ತು ನೋಡಿದಳು, ಹಿಡಿಯಲಿಲ್ಲ. ರೇಡಿಯೋದಲ್ಲಿ ಆಪತ್ತಿನ ಕರೆ, ಮೇಡೇ ಎಂದು ಮೂರು ಸಲ ಹೇಳಿದಳು. ಕೊನೆಗೆ ಪೆಟ್ರೋಲ್ ಬಂದ್, ಕರೆಂಟ್ ಬಂದ್, ಬಾಗಿಲಿನ ಚಿಲಕ ತೆಗೆದಿಡುವುದು.

"ಚಿಲಕ ಯಾಕೆ?"

"ಇಳಿಯುವಾಗ ಬಾಡಿ ಬೆಂಡ್ ಆದ್ರೆ ಬಾಗಿಲು ಅಟಕುತ್ತೆ. ಒಳಗೇ ಉಳೀಬೇಕಾಗುತ್ತೆ."

ಅದನ್ನು ಅಲ್ಲಿಗೇ ಬಿಟ್ಟು ಕೇಳಿದೆ: "ಮೇಡೇ ಯಾವ ದನಿಯಲ್ಲಿ ಹೇಳಿದೆ? ನನಗೆ ಬೇಕು."

"ಕೌಂಟರಿನಿಂದ ಕಿಚನ್ನಿಗೆ ಆರ್ಡರ್ ಕೂಗ್ತೀವಲ್ಲ, ಎರಡು ಇಡ್ಲಿ-ವಡಾ, ಒಂದು ಮಸಾಲಾ, ಆ ದನಿ. ಚಿಕ್ಕಂದಿನಿಂದ ಅದೊಂದೇ ಗೊತ್ತು, ಗಲಾಟೆಯಲ್ಲಿ ಕೇಳಿಸೋ ದನಿ."

ನೆಲ ಮುಟ್ಟುವ ಮುಂಚೆ ಇನ್ನೊಂದು ಸದ್ದು ಬಂತಂತೆ. ವೇಗ ತೀರಾ ಇಳಿದರೆ ಎಚ್ಚರಿಸಲು ರೆಕ್ಕೆಯಲ್ಲಿ ಒಂದು ಸಣ್ಣ ಪೀಪಿ ಇರುತ್ತದೆ, ಗಾಳಿ ಎಳೆದರೆ ತಾನೇ ಊದುತ್ತದೆ. ಸರಿಯಾಗಿ ಇಳಿಸುವವರಿಗೆ ಅದು ಕೊನೆಯ ಕ್ಷಣದಲ್ಲಿ ಕೇಳಿಸಬೇಕು. ಮೊದಲೇ ಕೇಳಿಸಿದರೆ ಕೆಲಸ ಕೆಟ್ಟಿತು. ಅವಳಿಗೆ ಕೊನೆಯಲ್ಲೇ ಕೇಳಿಸಿತು. ನಾನು ಅಲ್ಲೇ ತುಟಿ ಬಿಗಿದು ಆ ಪೀಪಿಯನ್ನು ಪ್ರಯತ್ನಿಸಿದೆ. "ಇನ್ನೂ ಸಣ್ಣಗೆ. ಅಳು ಬಂದ ಹಾಗೆ" ಎಂದು ತಿದ್ದಿದಳು. ಎದುರು ಸೀಟಿನ ಅಜ್ಜಿ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ವಿಮಾನ ನಿಂತ ಮೇಲೆ ಹೊಲದ ಒಡೆಯ ಓಡಿಬಂದನಂತೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಇಣುಕಿ, ಅವಳನ್ನೇ ಕೇಳಿದನಂತೆ: "ಪೈಲಟ್ ಕುಠೇ ಆಹೇ?" ಪೈಲಟ್ ಎಲ್ಲಿ ಎಂದು. ನಾನೇ ಎಂದದ್ದಕ್ಕೆ ನೀರು ತಂದುಕೊಟ್ಟ. ನೀರು ಕುಡಿದು ಮುಗಿಯುವ ಮೊದಲೇ, ಇದನ್ನು ಯಾವಾಗ ತೆಗೆದುಕೊಂಡು ಹೋಗುತ್ತೀರಿ, ನಾನು ಕಡಲೆ ಬಿತ್ತಬೇಕು ಎಂದ. ಮರುದಿನ ಕ್ಲಬ್ಬಿನವರು ರೆಕ್ಕೆ ಬಿಚ್ಚಿ ಲಾರಿಯಲ್ಲಿ ಹೇರಿಕೊಂಡು ಹೋದರು. ಇಂಜಿನ್ ಯಾಕೆ ನಿಂತಿತೆಂದು ಇನ್ನೂ ಬಿಚ್ಚಿ ನೋಡುತ್ತಿದ್ದಾರೆ.

ಕಳವಾ ದಾಟುವಾಗ ನಾನು ಕೇಳಿದೆ, "ನೀನು ದೊಡ್ಡವಳಲ್ವಾ? ದೊಡ್ಡಪ್ಪ ಬೇಡ ಅಂದ್ರೂ ಹೋಗಬಹುದಲ್ಲ?"

"ಹೋಗಬಹುದು. ಆದರೆ ಅಪ್ಪ ಹೂಂ ಅನ್ನದೆ ಹೋದ್ರೆ ಮೇಲೆ ಕೂತು ಒಂದು ಕಿವಿ ಇಂಜಿನ್ ಕಡೆ, ಇನ್ನೊಂದು ಮನೆ ಕಡೆ. ಹಾಗೆ ಹಾರಿಸೋಕ್ಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿದಳು, "ನಿನ್ನ ಆ 'ಅಪ್ಪಾ' ಇದೆಯಲ್ಲ, ಅದೊಂದು ಸರಿಮಾಡು. ಅದು ಅವರ ಕಿವಿಯಲ್ಲಿ ಕೂತುಬಿಟ್ಟಿದೆ."

ಸ್ಟೇಷನ್ನಿನಿಂದ ನೇರ ವಾಗ್ಳೆ ಎಸ್ಟೇಟಿನ ಹೋಟೆಲಿಗೆ ಹೋದೆವು. ನಾಲ್ಕು ಗಂಟೆ. ಕಾರ್ಖಾನೆಯ ಊಟದ ಗಿರಾಕಿಗಳು ಹೋಗಿ, ಚಹಾದ ಗಿರಾಕಿಗಳು ಬರಬೇಕಾದ ಖಾಲಿ ಹೊತ್ತು. ದೊಡ್ಡಪ್ಪ ಕೌಂಟರಿನಲ್ಲಿದ್ದರು. ದೊಡ್ಡಮ್ಮ ಪಕ್ಕದ ಮೇಜಿನಲ್ಲಿ ಹಾಗಲಕಾಯಿ ಹೆಚ್ಚುತ್ತಿದ್ದಳು. ಮನೆಯಲ್ಲಿ ಕುಳಿತಿರಲಾಗದೆ ಬಂದಿದ್ದಳೆಂದು ಆಮೇಲೆ ತಿಳಿಯಿತು. ಕಿಚನ್ನಿನ ಬಾಗಿಲಿನಲ್ಲಿ ಇಡ್ಲಿ ಹಿಟ್ಟಿನ ದೊಡ್ಡ ಗ್ರೈಂಡರನ್ನು ಮಗುಚಿ ಹಾಕಿಕೊಂಡು ಒಬ್ಬ ಮೆಕ್ಯಾನಿಕ್ ಕುಳಿತಿದ್ದ. ವಿಜಯಪುರದವನು, ಹಿಂದಿನ ಗಲ್ಲಿಯಲ್ಲಿ ಮೋಟಾರು ರಿಪೇರಿಯ ಗಾಳೆ, ಅಂದರೆ ಪುಟ್ಟ ಶೆಡ್ಡು, ಇಟ್ಟುಕೊಂಡಿದ್ದಾನೆ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಾರೆ.

ದೊಡ್ಡಪ್ಪ ಮಗಳ ತಲೆಯಿಂದ ಬೂಟಿನವರೆಗೆ ಒಮ್ಮೆ ನೋಡಿದರು. ಎಲ್ಲ ಅಂಗಗಳೂ ಇದ್ದಲ್ಲೇ ಇದ್ದವು. "ಚಾ ಕುಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಕುಡೀದಿದ್ರೂ ಅಡ್ಡಿಲ್ಲ" ಎಂದರು.

"ದೊಡ್ಡಪ್ಪಾ, ಆ ವಾಯ್ಸ್ ನಾನು ಮಾಡಿದ್ದು. ನಿಜವಾದ್ದಲ್ಲ."

"ಗೊತ್ತಾಯ್ತ್ ಮಾರಾಯಾ. ದನಿ ನಿಂದಾರೂ ಸುದ್ದಿ ಅವಳದೇ ಅಲ್ದಾ? ಇಂಜಿನ್ ಬಂದ್ ಬಿತ್ತ್ ಅಂದ್ಲಲ್ಲ. ಅಷ್ಟ್ ದೊಡ್ಡ ಇಂಜಿನ್ ಕಳಚಿ ಬಂದ್ ಬಿದ್ದ್ರೆ..."

ಗ್ರೈಂಡರಿನ ಹಿಂದಿನಿಂದ ಕಾಕಾ ತಲೆ ಎತ್ತಿದ. ಕೈಯಲ್ಲಿ ಸ್ಪ್ಯಾನರ್.

"ಬಂದ್ ಬಿತ್ತು ಅಂದ್ರ ಕಳಚಿ ಬಿತ್ತು ಅಂತಲ್ರೀ ಶೇಟ್. ನಮ್ಮ ಕಡೆನೂ ಹಂಗ ಅಂತೀವಿ. ಈ ನಿಮ್ಮ ಗ್ರೈಂಡರ್ ವಾರಕ್ಕೊಮ್ಮೆ ಬಂದ್ ಬೀಳ್ತದ. ಒಮ್ಮೆರ ನೆಲಕ್ಕ ಬಿದ್ದದ್ದು ನೋಡೀರೇನು?"

ದೊಡ್ಡಪ್ಪ ಗ್ರೈಂಡರನ್ನು ನೋಡಿದರು. ವಾರಕ್ಕೊಮ್ಮೆ ಅದೇ ಮಾತನ್ನು ಕಾಕಾನ ಬಾಯಲ್ಲಿ ಕೇಳಿ, ಒಮ್ಮೆಯೂ ಗಾಬರಿಯಾಗದೆ 'ಕಾಣ್', ಅಂದರೆ ನೋಡು, ಎಂದವರು ಅವರೇ. ನನ್ನ ಮುಖದಲ್ಲಿ ನಗು ಬರುವ ಸೂಚನೆ ಕಂಡು ದೊಡ್ಡಮ್ಮ ಹಾಗಲಕಾಯಿಯ ತುದಿಯನ್ನು ನನ್ನತ್ತ ತೋರಿಸಿದಳು.

ಕಾಕಾನಿಗೆ ಕುತೂಹಲ ತಡೆಯಲಾಗಲಿಲ್ಲ. ಸ್ಪ್ಯಾನರ್ ಕೆಳಗಿಟ್ಟ. "ಅಲ್ಲ ತಂಗಿ, ಮೋಟಾರ ಬಂದ್ ಬಿದ್ದ ಮ್ಯಾಲ ಕೈಯಾಗ ಏನ್ ಉಳೀತದ?"

"ಎತ್ತರ ಉಳಿಯುತ್ತೆ ಕಾಕಾ. ಅದೇ ಪೆಟ್ರೋಲ್. ಸ್ವಲ್ಪ ಸ್ವಲ್ಪ ಖರ್ಚು ಮಾಡ್ತಾ ಇಳೀಬೇಕು."

"ಹಾಂ, ಹಾಂ. ಲೋಡ್ ಗಾಡಿ ಘಾಟ್ ಇಳಿಸಿದಂಗ."

"ಹಾಗೇ. ಆದರೆ ಘಾಟಿನಲ್ಲಿ ಬ್ರೇಕ್ ಹಾಕಿ ನಿಲ್ಲಬಹುದು. ಇಲ್ಲಿ ನಿಲ್ಲೋ ಹಾಗಿಲ್ಲ, ಅಷ್ಟೇ."

ಕಾಕಾ ಕಣ್ಣು ಮುಚ್ಚಿ ತಲೆದೂಗಿದ. ಮನಸ್ಸಿನಲ್ಲೇ ಒಂದು ಘಾಟು ಇಳಿಸುತ್ತಿದ್ದನೆಂದು ಕಾಣುತ್ತದೆ. ಆದರೆ ದೊಡ್ಡಪ್ಪ ಆ ಘಾಟಿನಲ್ಲಿರಲಿಲ್ಲ. ಅವರು ಮಗಳನ್ನೇ ನೋಡುತ್ತಿದ್ದರು.

"ಇಂಜಿನ್ ಬಿದ್ದದ್ದಲ್ಲ, ನಿಂತದ್ದ್. ಆಯ್ತ್, ಒಪ್ಪಿದೆ. ನಿಂತದ್ದ್ ಸಣ್ಣ ಸಂಗತಿಯಾ? ನೀನ್ ಹೆದ್ರಿ ನನ್ನ ಕೂಗಿದ್ದ್ ಸುಳ್ಳಾ? ಅಪ್ಪಾ ಅಂದದ್ದ್? ಆ ಹೊತ್ತಿಗೆ ನಾನ್ ಇಲ್ಲಿ ಕೂತ್ಕಂಡ್ ಯಾರಿಗೋ ಪಾರ್ಸೆಲ್ ಕಟ್ತಾ ಇದ್ದೆ."

ಅವರ ದನಿ ಎಲ್ಲಿ ಒಡೆಯುತ್ತದೆಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಈ ಸಲ ಒಡೆದದ್ದು 'ಪಾರ್ಸೆಲ್' ಎಂಬ ಮಾತಿನಲ್ಲಿ. ಅದನ್ನು ನಾನು ಇಂದಿನವರೆಗೆ ಯಾರೆದುರಿಗೂ ಮಾಡಿ ತೋರಿಸಿಲ್ಲ.

"ದೊಡ್ಡಪ್ಪಾ, ಅದೂ ನನ್ನದೇ" ಎಂದೆ. "ಅವಳು ಅಪ್ಪಾ ಅನ್ನಲೇ ಇಲ್ಲ. ನಾನು ಸೇರಿಸಿದ್ದು. ಐಟಂಗೆ ಸ್ವಲ್ಪ ಜೋರು ಬರಲಿ ಅಂತ."

ಅವರು ನಂಬಲಿಲ್ಲ. ಹಾಗಾಗಿ ನಿಜವಾದ್ದನ್ನು ಮಾಡಿ ತೋರಿಸಿದೆ, ಲೋಟವಿಲ್ಲದೆ. ಮೊದಲು ಗಾಳಿ, ಬರೀ ಗಾಳಿ. ಹೋಟೆಲಿನಲ್ಲಿ ಫ್ಯಾನಿನ ಸದ್ದು ಕೇಳಿಸುವಷ್ಟು ಹೊತ್ತು ಸುಮ್ಮನಿದ್ದೆ. ನನ್ನ ಜೀವನದಲ್ಲೇ ಅಷ್ಟು ಉದ್ದದ ಮೌನ ನಾನು ಮಾಡಿದವನಲ್ಲ. ಆಮೇಲೆ ಅಕ್ಕನ ಕೌಂಟರಿನ ದನಿಯಲ್ಲಿ, ಎರಡು ಇಡ್ಲಿ-ವಡಾ ಹೇಳುವ ಹಾಗೆ, ಮೇಡೇ ಮೂರು ಸಲ. ಮತ್ತೆ ಗಾಳಿ. ಕೊನೆಗೆ ಸಣ್ಣಗೆ, ಅಳು ಬಂದ ಹಾಗೆ, ಪೀಪಿ. ಆಮೇಲೆ ಒಣ ಮಣ್ಣಿನ ಮೇಲೆ ಚಕ್ರ ಉರುಳುವ ಕುಲುಕಾಟ. ಆಮೇಲೆ ಹೊಲದ ಒಡೆಯ: "ಪೈಲಟ್ ಕುಠೇ ಆಹೇ?"

ಕಾಕಾ ನಕ್ಕ. ದೊಡ್ಡಪ್ಪ ನಗಲಿಲ್ಲ. ಅವರು ಮಗಳನ್ನು ಕೇಳಿದರು, "ಇಷ್ಟೆಯಾ?"

"ಇಷ್ಟೇ ಅಪ್ಪಾ."

"ನಡುವಲ್ಲಿ ಎಲ್ಲೂ ನನ್ನ ಕರೀಲಿಲ್ಯಾ?"

"ಟೈಮ್ ಎಲ್ಲಿತ್ತು? ಕೆಲಸ ಇತ್ತಲ್ಲ."

ಎರಡು ದಿನ ಮಗಳು ತನ್ನನ್ನು ಕರೆದಳೆಂದು ನಿದ್ದೆಗೆಟ್ಟಿದ್ದ ಮನುಷ್ಯನಿಗೆ ಈಗ ಅವಳು ಕರೆಯಲೇ ಇಲ್ಲವೆಂದು ನೋವಾಯಿತು. ಅವರ ಮುಖ ನೋಡುತ್ತ, ಯಾವ ನೋವು ದೊಡ್ಡದೆಂದು ನನಗೆ ತೀರ್ಮಾನಿಸಲಾಗಲಿಲ್ಲ. ಅವರು ಕೌಂಟರಿನ ಮೇಲಿದ್ದ ಸೋಂಪಿನ ಬಟ್ಟಲನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು, ಮತ್ತೆ ಆ ಕಡೆಗೆ.

"ಆಯ್ತ್. ನೀನ್ ಚಂದ ಮಾಡ್ದೆ. ದೇವ್ರ್ ದೊಡ್ಡವ. ಆದ್ರೂ ಬೇಡ. ಒಂದ್ ಸಲ ಆಯ್ತ್ ಅಂದ್ರೆ ಇನ್ನೊಂದ್ ಸಲ ಆಪುದಿಲ್ಲ ಅಂದೇಳಿ ಎಂತ ಗ್ಯಾರಂಟಿ? ನಾಳೆ ಮತ್ತೆ ಬಂದ್ ಬಿದ್ದ್ರೆ?"

"ಮತ್ತೆ ಇಳಿಸ್ತೀನಿ."

"ಬೇಡ ಅಂದ್ರೆ ಬೇಡ. ಆ ಲೈಸೆನ್ಸ್ ಗಿಸೆನ್ಸ್ ಎಂತದೂ ಬೇಡ. ಸೋಮವಾರ ನೀನ್ ಹೋಪುದಿಲ್ಲ."

ಅಕ್ಕ ಚಹಾದ ಲೋಟ ಕೆಳಗಿಟ್ಟಳು. ಅವಳ ಕಣ್ಣು ಕಿಟಕಿಯ ಹೊರಗೆ ಹೋಯಿತು. ರಸ್ತೆಯಲ್ಲಿ ಟೆಂಪೋಗಳು, ಮೇಲೆ ತಂತಿಗಳು. ಇಳಿಸಲು ಜಾಗ ಹುಡುಕುತ್ತಿದ್ದಳೋ ಏನೋ. ಕಾಕಾ ಸ್ಪ್ಯಾನರ್ ಎತ್ತಿಕೊಂಡು ಗ್ರೈಂಡರಿನ ಹಿಂದೆ ತಲೆ ತಗ್ಗಿಸಿದ. ನನ್ನ ಬಳಿ ಇನ್ನು ಯಾರ ದನಿಯೂ ಉ‍ಳಿದಿರಲಿಲ್ಲ.

ಅಷ್ಟು ಹೊತ್ತೂ ಹಾಗಲಕಾಯಿ ಹೆಚ್ಚುತ್ತಿದ್ದ ದೊಡ್ಡಮ್ಮ ಚಾಕುವನ್ನು ಹಲಗೆಯ ಮೇಲೆ ಇಟ್ಟಳು. ಕೈ ಸೆರಗಿಗೆ ಒರೆಸಿಕೊಂಡಳು. ಗಂಡನ ಕಡೆ ತಿರುಗಿ, ಆರ್ಡರ್ ಕೂಗುವ ಅದೇ ದನಿಯಲ್ಲಿ ಹೇಳಿದಳು:

"ಘೋಡಬಂದರ್ ರಸ್ತಿಯಲ್ಲಿ ನಿಮ್ ಕಾರ್ ಬಂದ್ ಬಿದ್ದಾಗ ನೀವ್ ಸ್ಟೇರಿಂಗ್ ಬಿಟ್ಟ್ ನನ್ನ ಕೈ ಹಿಡ್ಕಂಡ್ರಿ, ಇವಳ್ ಇಂಜಿನ್ ಆಕಾಶದಲ್ಲಿ ಬಂದ್ ಬಿದ್ದಾಗ ಯಾರ್ ಕೈಯೂ ಹಿಡ್ಕಣದೆ ಇಳ್ಸಿ ಬಂದಿದ್ಲ್. ಈಗ ಹೇಳಿ ಕಾಂಬ, ಲೈಸೆನ್ಸ್ ಯಾರದ್ ಕಿತ್ಕಂಬುದ್?"